ಕ್ಲಿಯರಮ್ಮನ ಮೂರು ವಾಕ್ಯ

ಒಂಬತ್ತು ವರ್ಷ ನಾನು ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ಕಪ್ಪುಹಲಗೆಯ ಮೇಲೆ ಪದವೊಂದನ್ನು ಬರೆದು, ಇದನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಹೇಳಿ, ಮಕ್ಕಳು ತಲೆ ಕೆರೆದುಕೊಳ್ಳುವುದನ್ನು ನೋಡುತ್ತ ಕೂರುವುದು ನನ್ನ ಕಸುಬು. ಶಾಲೆ ಮುಚ್ಚಿದಾಗ, ಎಂದೋ ಓದಿ ಟ್ರಂಕಿನ ತಳಕ್ಕೆ ಹಾಕಿದ್ದ ಎಲೆಕ್ಟ್ರಿಕಲ್ ಡಿಪ್ಲೊಮಾ ನನ್ನ ಕೈ ಹಿಡಿಯಿತು. ಪರೀಕ್ಷೆ ಬರೆದು ವಿದ್ಯುತ್ ಸಬ್‌ಸ್ಟೇಷನ್ನಿಗೆ ಆಪರೇಟರ್ ಆಗಿ ಬಂದೆ. ಬಂದ ಮೊದಲ ದಿನವೇ, ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ಹೆಂಗಸೊಬ್ಬರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಲಿಯರ್ ಅನ್ನುವ ಪದ ಹಾಕಿ ಒಂದು ವಾಕ್ಯ ಹೇಳು ಅಂದರು.

ನನಗೆ ನಗು ಬಂತು. ಆಕಾಶ ಕ್ಲಿಯರ್ ಆಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಉಚ್ಚಾರಣೆಯನ್ನು ಬೇಕೆಂದೇ ಸ್ವಲ್ಪ ಜಾಸ್ತಿ ತಿದ್ದಿ.

"ಆಕಾಶಕ್ಕೆ ನಾವು ಕರೆಂಟು ಕೊಡಲ್ಲ. ಬೇರೆ ಹೇಳು."

ರಸ್ತೆ ಕ್ಲಿಯರ್ ಆಗಿದೆ ಅಂದೆ. ಯಾರು ಹೋಗಿ ನೋಡಿ ಬಂದರು ಎಂದು ಕೇಳಿದರು. ನನ್ನ ಅನುಮಾನವೆಲ್ಲ ಕ್ಲಿಯರ್ ಆಯಿತು ಅಂದೆ. ಅನುಮಾನ ಪೂರ್ತಿ ಹೋದವರು ಈ ಕೋಣೆಯಲ್ಲಿ ಕೆಲಸ ಮಾಡಬಾರದು ಅಂದರು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಪಾಠ ಹೇಳಿಸಿಕೊಳ್ಳಲು ಬಂದಿದ್ದೇನಾ, ಕೆಲಸಕ್ಕೆ ಬಂದಿದ್ದೇನಾ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಲೈನ್‌ಮ್ಯಾನುಗಳು ಅವರಿಗೆ ಇಟ್ಟಿದ್ದ ಹೆಸರು ಕ್ಲಿಯರಮ್ಮ. ನನಗೆ ಅದೇ ದಿನ ಟೀಚರ್ ಎಂದು ಹೆಸರಿಟ್ಟರು. ನಮ್ಮ ಕಂಟ್ರೋಲ್ ರೂಮು ಅಷ್ಟೇನೂ ದೊಡ್ಡದಲ್ಲ. ಒಂದು ಗೋಡೆಯ ಉದ್ದಕ್ಕೂ ಬೂದು ಬಣ್ಣದ ಕಬ್ಬಿಣದ ಬೀರುಗಳು, ಎಂಟು. ಒಂದೊಂದು ಬೀರುವೂ ಒಂದೊಂದು ಫೀಡರಿನದು, ಅಂದರೆ ಊರಿನ ಒಂದೊಂದು ಭಾಗಕ್ಕೆ ಕರೆಂಟು ಹೊತ್ತೊಯ್ಯುವ ಲೈನಿನದು. ಪ್ರತಿ ಬೀರುವಿನ ಎದೆಯ ಮೇಲೆ ಒಂದು ಕಪ್ಪು ಹಿಡಿ, ಅದರ ಮೇಲೆ ಎರಡು ಪುಟ್ಟ ದೀಪ. ಕೆಂಪು ಉರಿಯುತ್ತಿದ್ದರೆ ಲೈನಿನಲ್ಲಿ ಕರೆಂಟು ಇದೆ, ಹಸಿರು ಉರಿಯುತ್ತಿದ್ದರೆ ಇಲ್ಲ. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಹೊರಗೆ ಅಂಗಳದಲ್ಲಿ ಧಡ್ ಎಂದು ಸದ್ದಾಗುತ್ತದೆ, ಅಷ್ಟೆ. ಆ ಸದ್ದಿನ ಹಿಂದೆಯೇ ಹನ್ನೊಂದು ಸಾವಿರ ವೋಲ್ಟು ಮೈಲುಗಟ್ಟಲೆ ತಂತಿಯಲ್ಲಿ ಹರಿದಿರುತ್ತದೆ. ಆ ತಂತಿಯ ಮೇಲೆ ಆಗ ಯಾರ ಕೈ ಇರುತ್ತದೆ ಎನ್ನುವುದು ಈ ಕೋಣೆಯಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಕಿಟಕಿಯಲ್ಲಿ ಕಾಣುವುದು ಟ್ರಾನ್ಸ್‌ಫಾರ್ಮರು, ಜಲ್ಲಿಕಲ್ಲು, ತಂತಿಬೇಲಿ.

ಅದಕ್ಕೇ ಲೈನ್ ಕ್ಲಿಯರ್ ಎನ್ನುವ ಏರ್ಪಾಡು. ಕಂಬ ಹತ್ತುವವನು ಮೊದಲು ಫೋನ್ ಮಾಡಿ ಅದನ್ನು ಕೇಳಬೇಕು. ನಾವು ಫೀಡರ್ ಬಂದ್ ಮಾಡಿ, ಹಿಡಿಗೆ ಕೆಂಪು ಹಲಗೆ ನೇತುಹಾಕಿ, ಕೊಟ್ಟೆವು ಎಂದು ಹೇಳಬೇಕು. ಕೆಲಸ ಮುಗಿದ ಮೇಲೆ, ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಬೇರೆ ಯಾರು ಕೊಟ್ಟರೂ ಅದು ಕೊಟ್ಟಂತೆ ಅಲ್ಲ.

ಇದು ಪುಸ್ತಕದ ನಿಯಮ. ಕ್ಲಿಯರಮ್ಮ ಅದನ್ನು ಮೂರು ವಾಕ್ಯಕ್ಕೆ ಇಳಿಸಿದ್ದರು. ನಾನು ಇಂಥವನು, ಇಂಥ ಫೀಡರಿಗೆ ಲೈನ್ ಕ್ಲಿಯರ್ ಕೇಳುತ್ತಿದ್ದೇನೆ. ನಾನು ಆಪರೇಟರ್, ಇಂಥವನಿಗೆ ಲೈನ್ ಕ್ಲಿಯರ್ ಕೊಟ್ಟಿದ್ದೇನೆ. ತೆಗೆದುಕೊಂಡ ನಾನೇ ಲೈನ್ ಕ್ಲಿಯರ್ ವಾಪಸ್ ಕೊಡುತ್ತಿದ್ದೇನೆ, ಹತ್ತಿದವರೆಲ್ಲ ಇಳಿದಿದ್ದಾರೆ. ಈ ಮೂರರ ಆಚೆಗೆ ಆ ಪದಕ್ಕೆ ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲ ಎನ್ನುವುದು ಅವರ ವಾದ. ಹತ್ತಿದವರ ಹೆಸರು, ಇಳಿದವರ ಹೆಸರು ಬರೆಯಲೆಂದು ಪುಸ್ತಕದಲ್ಲಿ ತಾವೇ ಸ್ಕೇಲು ಹಿಡಿದು ಎರಡು ಕಾಲಮ್ಮು ಎಳೆದಿದ್ದರು. ಅದು ಯಾವ ಸರ್ಕ್ಯುಲರಿನಲ್ಲೂ ಇರಲಿಲ್ಲ. ಫೋನಿನಲ್ಲಿ ಲೈನ್ ಕ್ಲಿಯರ್ ಕೇಳಿದವನು ಜೊತೆಯಲ್ಲಿರುವವರ ಹೆಸರನ್ನು ಒಂದೊಂದಾಗಿ ಹೇಳುವ ತನಕ ಅವರು ಹಿಡಿಯನ್ನು ಮುಟ್ಟುತ್ತಿರಲಿಲ್ಲ. ಲೈನ್‌ಮ್ಯಾನುಗಳು, ಹಾಜರಿ ಕೂಗ್ತಾರಪ್ಪ ನಮ್ಮ ಅಮ್ಮ, ಎಂದು ನಗುತ್ತಿದ್ದರು.

ಮನೆಯಲ್ಲೂ ಅದೇ ಕಥೆ. ಅವರ ಗಂಡ ಟೈಲರು, ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡೇ ಮಾತಾಡುವ ಸಾಧು ಮನುಷ್ಯ. ನಾನು ಒಮ್ಮೆ ರವಿಕೆ ಹೊಲಿಸಲು ಹೋದಾಗ ಅವರೇ ಹೇಳಿದ್ದು. ಮಗಳ ಮದುವೆ ಮಾತುಕತೆಗೆ ಬಂದ ಗಂಡಿನ ಚಿಕ್ಕಪ್ಪ, ನಮ್ಮ ಕಡೆಯಿಂದ ಎಲ್ಲ ಕ್ಲಿಯರ್ ಅಂದನಂತೆ. ಕ್ಲಿಯರಮ್ಮ ತಟ್ಟೆ ಕೆಳಗಿಟ್ಟು, ಹುಡುಗನೇ ಹೇಳಲಿ ಅಂದರಂತೆ. ಹುಡುಗ ಹೊರಗೆ ಬೈಕಿನ ಹತ್ತಿರ ನಿಂತಿದ್ದ. ಅವನನ್ನು ಕರೆಸಿ, ಅವನ ಬಾಯಿಂದಲೇ ಕೇಳಿಸಿಕೊಂಡ ಮೇಲೆ ಮಾತು ಮುಂದುವರಿಯಿತು. ಅಳಿಯ ಈಗಲೂ ಅತ್ತೆಯ ಎದುರು ಆ ಪದ ಆಡುವುದಿಲ್ಲ.

ಇಷ್ಟೆಲ್ಲ ಕೇಳಿದರೆ ಗಟ್ಟಿಗಿತ್ತಿ ಅನ್ನಿಸಬಹುದು. ಅಲ್ಲ. ನಾನು ಕಂಡವರಲ್ಲಿ ಅಷ್ಟು ಪುಕ್ಕಲು ಹೆಂಗಸು ಇನ್ನೊಬ್ಬರಿಲ್ಲ. ಜಿರಲೆ ಕಂಡರೆ ಭಯ. ಲಿಫ್ಟು ಅಂದರೆ ಭಯ, ನಾಲ್ಕು ಮಹಡಿ ಹತ್ತಿಯೇ ಹೋಗುತ್ತಿದ್ದರು. ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿದು, ಎರಡು ಬಸ್ಸು ಹೋಗಲಿ ಬಿಡು ಅನ್ನುತ್ತಿದ್ದರು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿಕೊಡಲು ಗಂಡನೇ ಬರಬೇಕು. ಹನ್ನೊಂದು ಸಾವಿರ ವೋಲ್ಟನ್ನು ಎಡಗೈ ಬಲಗೈಯಲ್ಲಿ ಆಡಿಸುವವರು ಇಸ್ತ್ರಿ ಪೆಟ್ಟಿಗೆಗೆ ಹೆದರುತ್ತಾರೆ ಎಂದು ನಾನು ಎಷ್ಟು ಜನರ ಹತ್ತಿರ ಆಡಿಕೊಂಡಿದ್ದೇನೋ.

ಹಿಡಿ ತಿರುಗಿಸುವ ಮೊದಲು ಅವರದೊಂದು ಕ್ರಮ. ಎರಡೂ ಕೈ ತೊಳೆದು, ಕರವಸ್ತ್ರದಲ್ಲಿ ಬೆರಳು ಬೆರಳಿನ ಸಂದಿ ಒರೆಸಿ, ಬೀರುವಿನ ಮುಂದೆ ನಿಂತು, ಫೀಡರಿನ ನಂಬರನ್ನು ಮೂರು ಸಲ ಗಟ್ಟಿಯಾಗಿ ಓದುತ್ತಿದ್ದರು. ಆಗಲೂ ಬೆರಳು ನಡುಗುತ್ತಿತ್ತು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ದಿನಕ್ಕೆ ನಾಲ್ಕಾರು ಸಲ ಮಾಡಿದ ಕೆಲಸಕ್ಕೆ ಬೆರಳು ನಡುಗುವುದೆಂದರೇನು? ಮನೆಗೆ ಹೋದ ಮೇಲೂ ಬಿಡುತ್ತಿರಲಿಲ್ಲ. ಊಟಕ್ಕೆ ಕುಳಿತವರು ಎದ್ದು ಫೋನ್ ಮಾಡಿ, ಮೂರರ ಹಲಗೆ ತೆಗೆದಿಟ್ಟಿದ್ದೀರಾ, ಲೆಕ್ಕದಲ್ಲಿ ಎಲ್ಲರೂ ಇಳಿದಿದ್ದಾರಾ ಎಂದು ಕೇಳುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಹೂಂ ಅನ್ನುತ್ತಿದ್ದೆ.

ಇದರ ಹಿಂದೆ ಏನೋ ಇರಬೇಕು ಎಂದು ಎಲ್ಲರಿಗೂ ಖಾತ್ರಿ. ಅವರ ತಮ್ಮ ಕಂಬದ ಮೇಲೆ ಸುಟ್ಟುಹೋದನಂತೆ ಎಂದು ಒಬ್ಬ ಹೇಳುತ್ತಿದ್ದ. ಅವರ ಕೈಯಿಂದಲೇ ಯಾರೋ ಹೋದರಂತೆ, ಕೇಸು ಮುಚ್ಚಿಹಾಕಿದರಂತೆ ಎಂದು ಇನ್ನೊಬ್ಬ. ಒಂದು ದಿನ ತಡೆಯಲಾರದೆ ನೇರವಾಗಿ ಕೇಳಿಬಿಟ್ಟೆ. ಅವರು ಟಿಫಿನ್ ಡಬ್ಬಿಯ ಮುಚ್ಚಳ ಒತ್ತುತ್ತಿದ್ದವರು ನನ್ನನ್ನು ನೋಡಿದರು.

"ನನ್ನ ತಮ್ಮ ಬ್ಯಾಂಕಲ್ಲಿದ್ದಾನೆ ಕಣೇ, ಚೆನ್ನಾಗಿದ್ದಾನೆ. ನನ್ನ ಕೈಯಲ್ಲಿ ಇವತ್ತಿನ ತನಕ ಏನೂ ಆಗಿಲ್ಲ," ಅಂದರು. ಆಮೇಲೆ, "ಆಗಿದ್ದಿದ್ರೆ ಯಾವುದು ಹೇಗೆ ಆಗತ್ತೆ ಅಂತ ಗೊತ್ತಿರೋದು. ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲದಕ್ಕೂ ಹೆದರ್ತೀನಿ."

ನನಗೆ ನಿರಾಸೆಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಒಂದು ದೊಡ್ಡ ದುಃಖವಿದ್ದರೆ ಆ ನಡುಗುವ ಬೆರಳನ್ನು ಕ್ಷಮಿಸಬಹುದಿತ್ತು. ಬರೀ ಹೆದರುಪುಕ್ಕಲುತನವನ್ನು ಯಾರು ಸಹಿಸಿಕೊಳ್ಳುತ್ತಾರೆ?

ನಾನು ಹೇಳಬೇಕಾದ ದಿನ ಬಂದದ್ದು ನನ್ನ ಎರಡನೇ ವರ್ಷದಲ್ಲಿ. ಅವತ್ತು ಹಗಲು ಪಾಳಿಗೆ ನಾವಿಬ್ಬರೂ ಇದ್ದೆವು. ಹನ್ನೆರಡೂ ಐವತ್ತಕ್ಕೆ ಮೀಸೆ ಫೋನ್ ಮಾಡಿದ. ಮೀಸೆ ಅಂದರೆ ಆ ಭಾಗದ ಲೈನ್‌ಮ್ಯಾನು. ಹಳ್ಳದ ಪಕ್ಕದ ಕಂಬದಲ್ಲಿ ಪಿಂಗಾಣಿ ಇನ್ಸುಲೇಟರು ಒಡೆದಿದೆ, ಐದನೇ ಫೀಡರಿಗೆ ಲೈನ್ ಕ್ಲಿಯರ್ ಬೇಕು, ಅರ್ಧ ಗಂಟೆ ಸಾಕು ಅಂದ. ಕ್ಲಿಯರಮ್ಮ ಹಾಜರಿ ಕೂಗಿದರು. ಮೀಸೆ, ಉದ್ದಣ್ಣ, ಗುಂಡ, ಮಾವ, ಒಟ್ಟು ನಾಲ್ಕು ಜನ. ಮಾವ ಅಂದರೆ ಕಂತ್ರಾಟಿನ ಕೆಲಸಗಾರ, ಐವತ್ತು ದಾಟಿದವನು, ಅವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದದ್ದು. ನಾಲ್ಕು ಹೆಸರು ಬರೆದು, ಕೈ ತೊಳೆದು ಒರೆಸಿ, ಹಿಡಿ ತಿರುಗಿಸಿ, ಹಸಿರು ದೀಪ ನೋಡಿ, ಕೆಂಪು ಹಲಗೆ ನೇತುಹಾಕಿದರು.

ಅರ್ಧ ಗಂಟೆ ಹೋಗಿ ಎರಡು ಗಂಟೆಯಾಯಿತು. ಮೀಸೆಯ ಫೋನಿಗೆ ಕರೆ ಹೋಗುತ್ತಿರಲಿಲ್ಲ. ಐದನೇ ಫೀಡರಿನ ಮೇಲೆ ಊರಿನ ನೀರಿನ ಪಂಪು, ಹಿಟ್ಟಿನ ಗಿರಣಿ, ಐಸ್ ಫ್ಯಾಕ್ಟರಿ, ಒಂದು ನರ್ಸಿಂಗ್ ಹೋಮು ಇದ್ದವು. ಇಷ್ಟೂ ಜನ ಸರದಿಯ ಮೇಲೆ ನಮಗೆ ಫೋನ್ ಮಾಡಿ ಬೈದರು. ಎತ್ತಿದ್ದು ನಾನು, ಬೈಸಿಕೊಂಡದ್ದೂ ನಾನು. ಐಸ್ ಫ್ಯಾಕ್ಟರಿಯವನ ಮಾತು ಇಲ್ಲಿ ಬರೆಯುವ ಹಾಗಿಲ್ಲ. ನರ್ಸಿಂಗ್ ಹೋಮಿನ ಹೆಂಗಸು ಮಾತ್ರ ಬೈಯಲಿಲ್ಲ. ಜನರೇಟರಿನಲ್ಲಿ ಇನ್ನೊಂದು ಗಂಟೆಯ ಡೀಸೆಲ್ ಇದೆ, ಒಳಗೆ ಆಪರೇಷನ್ ನಡೆಯುತ್ತಿದೆ, ದಯವಿಟ್ಟು ನೋಡಿ ಎಂದಳು.

ಮೂರೂ ಐದಕ್ಕೆ, ಆ ನಾಲ್ವರನ್ನು ಹಳ್ಳಕ್ಕೆ ಕರೆದೊಯ್ದಿದ್ದ ಜೀಪಿನ ಡ್ರೈವರ್ ಫೋನ್ ಮಾಡಿದ. ಅವನು ಆಗಲೇ ಸಾಮಾನು ತುಂಬಿಕೊಂಡು ಸ್ಟೋರಿನ ದಾರಿ ಹಿಡಿದಿದ್ದ. ಮೀಸೆ ಅಣ್ಣನ ಫೋನು ಕಂಬದ ಮೇಲಿಂದ ಬಿದ್ದು ಪುಡಿಯಾಗಿದೆ, ಹಳ್ಳದ ಹತ್ತಿರ ಬೇರೆಯವರ ಫೋನಿಗೂ ಸಿಗ್ನಲ್ ಇಲ್ಲ, ಕೆಲಸ ಮುಗಿದಿದೆ, ಕ್ಲಿಯರ್ ಎಂದು ಹೇಳಿ ಕಳಿಸಿದ್ದಾರೆ, ಲೈನ್ ಹಾಕಿ ಅಂದ. ನಾನು ಉಸ್ಸಪ್ಪಾ ಎಂದು ಕ್ಲಿಯರಮ್ಮನ ಕಡೆ ನೋಡಿದೆ. ಅವರು ಫೋನು ಇಸಿದುಕೊಂಡು, ಮೀಸೆಗೆ ಕೊಡಪ್ಪ ಅಂದರು. ಅವರು ನಡೆದು ಎತ್ತಲೋ ಹೋದರು ಎಂದ ಡ್ರೈವರ್. ಹಾಗಾದರೆ ಹುಡುಕು ಎಂದು ಫೋನ್ ಇಟ್ಟುಬಿಟ್ಟರು.

ಐದು ನಿಮಿಷಕ್ಕೆ ಸೆಕ್ಷನ್ ಆಫೀಸರ ಕರೆ. ಜನ ಅವರ ತಲೆ ತಿಂದಿದ್ದರು, ಅವರು ನಮ್ಮ ತಲೆ ತಿನ್ನಲು ಬಂದಿದ್ದರು. ಡ್ರೈವರ್ ನನಗೂ ಹೇಳಿದ್ದಾನೆ, ಎಲ್ಲ ಇಳಿದಿದ್ದಾರೆ, ನಾನು ಹೇಳುತ್ತಿದ್ದೇನೆ, ಹಾಕಿ ಎಂದು ಗದರಿದರು. ಕ್ಲಿಯರಮ್ಮನ ಮುಖ ಬಿಳಿಚಿಕೊಂಡಿತ್ತು. ಮೇಲಧಿಕಾರಿ ಅಂದರೂ ಅವರಿಗೆ ಭಯವೇ. ಆದರೂ, ತೆಗೆದುಕೊಂಡವನು ನೀವಲ್ಲವಲ್ಲ ಸಾರ್, ನೀವೇ ಇಲ್ಲಿಗೆ ಬಂದು ಪುಸ್ತಕದಲ್ಲಿ ಬರೆದು ಸಹಿ ಮಾಡಿ ಎಂದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. ನಿಮ್ಮ ಭಯಕ್ಕೆ ಇಡೀ ಊರು ಕತ್ತಲೆಯಲ್ಲಿ ಕೂರಬೇಕಾ, ಬರ್ತೀನಿ, ಬಂದು ಮೆಮೋ ಕೊಡ್ತೀನಿ ಎಂದರು. ಹಗಲು ಮೂರು ಗಂಟೆಗೆ ಎಂಥ ಕತ್ತಲೆಯೋ.

ಫೋನಿಟ್ಟು ಅವರು ಕುರ್ಚಿಯಲ್ಲಿ ಕುಸಿದರು. ನನಗೆ ತಲೆ ಕೆಟ್ಟುಹೋಗಿತ್ತು. ಡ್ರೈವರೇನು ಸುಳ್ಳು ಹೇಳುತ್ತಾನಾ, ಅಲ್ಲಿ ಒಂದು ಜೀವ ಆಪರೇಷನ್ ಟೇಬಲ್ಲಿನ ಮೇಲಿದೆ, ನಿಮ್ಮ ಮೂರು ವಾಕ್ಯದ ಹಠಕ್ಕೆ ಅದು ಹೋದರೆ ಯಾರು ಹೊಣೆ ಎಂದು ಕೂಗಾಡಿದೆ. ಅವರು, ನನಗೂ ಅದೇ ಭಯ, ಎಂದಷ್ಟೇ ಹೇಳಿ, ಮುಖ ತೊಳೆದುಕೊಂಡು ಬರುತ್ತೇನೆ ಎಂದು ಹಿಂದಿನ ಬಚ್ಚಲಿಗೆ ಹೋದರು.

ಮತ್ತೆ ಫೋನ್ ಬಡಿದುಕೊಂಡಿತು. ನರ್ಸಿಂಗ್ ಹೋಮಿನ ಹೆಂಗಸೇ. ಈ ಸಲ ಅವಳು ಅಳುತ್ತಿದ್ದಳು.

ನಾನು ಫೋನ್ ಇಟ್ಟು ಎದ್ದೆ. ಐದನೇ ಬೀರುವಿನ ಮುಂದೆ ಹೋಗಿ ನಿಂತೆ. ಹಲಗೆಯ ದಾರವನ್ನು ಹಿಡಿಯಿಂದ ಬಿಡಿಸಿ, ಹಲಗೆಯನ್ನು ಬೀರುವಿನ ತಲೆಯ ಮೇಲಿಟ್ಟೆ. ನನ್ನ ಕೈ ನಡುಗಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಹುಮ್ಮಸ್ಸಿನಲ್ಲಿ ನನಗೆ ಎಳ್ಳಷ್ಟೂ ಭಯವಿರಲಿಲ್ಲ. ಹಿಡಿಯನ್ನು ಹಿಡಿದು, ಒಳಕ್ಕೆ ಒತ್ತಿದೆ. ಒತ್ತಿದ ಮೇಲೆ ಬಲಕ್ಕೆ ಕಾಲುಭಾಗ ತಿರುಗಿಸಬೇಕು, ಅಷ್ಟೇ ಬಾಕಿ.

ಆಗ ನನ್ನ ಮಣಿಕಟ್ಟಿನ ಮೇಲೆ ಒದ್ದೆ ಕೈಯೊಂದು ಬಿತ್ತು. ಒದ್ದೆ ಕೈಯಲ್ಲಿ ಬೀರುವಿನ ಹತ್ತಿರ ಸುಳಿಯದ ಹೆಂಗಸು, ನೀರು ತೊಟ್ಟಿಕ್ಕುವ ಎರಡೂ ಕೈಯಿಂದ ನನ್ನ ಕೈಯನ್ನು ಹಿಡಿದು ಎಡಕ್ಕೆ ಎಳೆಯುತ್ತಿದ್ದರು. ಮುಖದಿಂದ ನೀರು ಗದ್ದಕ್ಕೆ ಇಳಿಯುತ್ತಿತ್ತು. ಕೂಗಲಿಲ್ಲ.

"ನಿನಗೆ ಯಾರು ಹೇಳಿದ್ರು?" ಎಂದು ಕೇಳಿದರು. ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು ದನಿ. "ಇಳಿದಿದ್ದೀವಿ ಅಂತ ನಿನಗೆ ಆ ನಾಲ್ಕು ಜನದಲ್ಲಿ ಯಾರು ಹೇಳಿದ್ರು?"

ನಾನು ಕೈ ಬಿಟ್ಟೆ. ಅವರು ಹಲಗೆಯನ್ನು ಮತ್ತೆ ನೇತುಹಾಕಿದರು, ದಾರವನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದರು, ಆ ಬೀರುವಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ನಾನು ಕಿಟಕಿಯ ಹತ್ತಿರ ನಿಂತೆ. ಹೊರಗೆ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು. ನನ್ನೊಳಗೆ ಇನ್ನೂ ಕೋಪವೇ ಇತ್ತು. ಸಾಹೇಬರು ಬರಲಿ, ಈ ಹೆಂಗಸಿನ ಹಣೆಬರಹ ನೋಡೋಣ ಎಂದುಕೊಳ್ಳುತ್ತಿದ್ದೆ.

ಮೂರೂ ನಲವತ್ತಕ್ಕೆ ಸಾಹೇಬರ ಬೈಕು ಗೇಟಿನೊಳಗೆ ಬಂತು. ಹಿಂದೆ ಮೀಸೆ ಕುಳಿತಿದ್ದ. ಮೇನ್ ರೋಡಿನ ಟೀ ಅಂಗಡಿಯಲ್ಲಿ ಸಿಕ್ಕಿದನಂತೆ. ಸಾಹೇಬರು ಬಾಗಿಲಲ್ಲೇ ಶುರು ಹಚ್ಚಿಕೊಂಡರು. ಮೀಸೆ ನಡುವೆ ಬಂದು, ಏನಮ್ಮಾ ನೀವು, ನಾನು ಇಳಿದು ಮುಕ್ಕಾಲು ಗಂಟೆ ಆಯ್ತು, ಹಾಕಿಬಿಡಬಾರದಿತ್ತಾ ಎಂದು ನಕ್ಕ. ಕ್ಲಿಯರಮ್ಮ ಪುಸ್ತಕವನ್ನು ಅವನ ಮುಂದೆ ತಳ್ಳಿ, ಪೆನ್ನಿನ ಕ್ಯಾಪು ತೆಗೆದುಕೊಟ್ಟರು.

ಅವನು ನಿಂತೇ ಬಗ್ಗಿ ಬರೆಯತೊಡಗಿದ. ಲೈನ್ ಕ್ಲಿಯರ್ ವಾಪಸ್ ಕೊಟ್ಟಿದ್ದೇನೆ ಎಂದು ಬರೆದ. ಇಳಿದವರು ಎನ್ನುವ ಕಾಲಮ್ಮಿನಲ್ಲಿ ತನ್ನ ಹೆಸರು ಬರೆದ. ಉದ್ದಣ್ಣ ಎಂದು ಬರೆದ. ಗುಂಡ ಎಂದು ಬರೆದ. ನಾಲ್ಕನೆಯದಕ್ಕೆ ಪೆನ್ನು ಕಾಗದದ ಮೇಲೆ ಊರಿದವನು ಹಾಗೇ ನಿಂತ.

ಸಾಹೇಬರು ಬೇಗ ಬರಿಯಪ್ಪ ಅಂದರು. ಮೀಸೆ ಬರೆಯಲಿಲ್ಲ. ಪೆನ್ನಿನ ತುದಿಯಲ್ಲಿ ಶಾಯಿ ಹರಡಿ ಚುಕ್ಕೆ ದೊಡ್ಡದಾಗುತ್ತಿತ್ತು. ಅವನು ತಲೆ ಎತ್ತಿದ.

"ಮಾವನ್ನ ಇಟ್ಟಿಗೆ ಗೂಡಿನ ಆಚೆ ತಿರುವಿನ ಕಂಬಕ್ಕೆ ಹತ್ತಿಸಿದ್ದೆ," ಅಂದ. "ತಂತಿ ಬಿಗಿ ಮಾಡೋಕೆ. ನಾನು ಹೇಳೋ ತನಕ ಇಳೀಬೇಡ ಅಂದಿದ್ದೆ."

ಅವನು ಉದ್ದಣ್ಣನಿಗೆ ಹೇಳಿದ್ದ, ಹೋಗಿ ಮಾವನನ್ನು ಇಳಿಸು ಎಂದು. ಉದ್ದಣ್ಣ ಡ್ರೈವರನಿಗೆ ಹೇಳಿದ್ದ, ಹೋಗುವ ದಾರಿಯಲ್ಲಿ ಹತ್ತಿಸಿಕೋ ಎಂದು. ಡ್ರೈವರ್, ಮಾವ ಮೀಸೆಯ ಜೊತೆ ನಡೆದು ಹೋಗಿರುತ್ತಾನೆ ಅಂದುಕೊಂಡಿದ್ದ. ಇದೆಲ್ಲ ಆಮೇಲೆ ಗೊತ್ತಾದದ್ದು. ಆ ಹೊತ್ತಿನಲ್ಲಿ ಮೀಸೆ ಇನ್ನೊಂದೇ ಮಾತು ಹೇಳಿದ, ಅದೂ ಗೋಡೆಯ ಕಡೆ ತಿರುಗಿ. "ಅರ್ತ್ ಸರಪಳಿ ಬಿಚ್ಚಿಬಿಟ್ಟಿದ್ದೀನಿ."

ಆ ಸರಪಳಿ ತಂತಿಗೆ ಕಟ್ಟಿದ್ದರೆ, ತಪ್ಪಿ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗುತ್ತದೆ, ಮನುಷ್ಯ ಬದುಕುವ ಒಂದು ದಾರಿ ಇರುತ್ತದೆ. ಅದನ್ನೂ ಬಿಚ್ಚಿದ ಮೇಲೆ ಆ ತಿರುವಿನ ಕಂಬದ ಮೇಲಿದ್ದವನಿಗೂ ನನ್ನ ಬಲಗೈಗೂ ನಡುವೆ ಇದ್ದದ್ದು ಕಾಲುಭಾಗದ ತಿರುವು ಮಾತ್ರ. ಸ್ಟೂಲು ಹಿಡಿದುಕೊಂಡು ನಿಂತೆ. ನನ್ನ ಮಣಿಕಟ್ಟಿನ ಮೇಲೆ ಕ್ಲಿಯರಮ್ಮನ ಉಗುರಿನ ಗುರುತು ಇನ್ನೂ ಕೆಂಪಾಗಿತ್ತು.

ಸಾಹೇಬರು ಡ್ರೈವರನಿಗೆ ಫೋನ್ ಮಾಡಿದರು. ಅವರ ದನಿಯಲ್ಲಿದ್ದ ಗತ್ತೆಲ್ಲ ಇಳಿದುಹೋಗಿತ್ತು. ಜೀಪು ಹಿಂದಕ್ಕೆ ಓಡಿತು. ಹದಿನಾಲ್ಕು ನಿಮಿಷ ನಾವು ನಾಲ್ಕು ಜನ ಆ ಕೋಣೆಯಲ್ಲಿ ಫೋನನ್ನೇ ನೋಡುತ್ತಿದ್ದೆವು. ಮೀಸೆ ನೆಲದ ಮೇಲೆ ಕುಳಿತು ತಲೆಯ ಮೇಲೆ ಕೈ ಹೊತ್ತುಕೊಂಡಿದ್ದ. ಹಾಕಿಲ್ಲವಲ್ಲ, ಏನೂ ಆಗಿಲ್ಲವಲ್ಲ, ಎಂದು ಸಾಹೇಬರು ಯಾರಿಗೋ ಹೇಳುವವರಂತೆ ಎರಡು ಸಲ ಹೇಳಿದರು. ಲೈನ್ ಹಾಕಿಲ್ಲ ಎಂದು ಗೊತ್ತಿದ್ದರೂ ಮಾವನ ದನಿ ಕೇಳುವ ತನಕ ಯಾರಿಗೂ ಜೀವದಲ್ಲಿ ಜೀವ ಬರುವಂತಿರಲಿಲ್ಲ.

ಫೋನ್ ರಿಂಗಾಯಿತು. ಕ್ಲಿಯರಮ್ಮ ನನಗೆ ಎತ್ತು ಎಂದು ಕಣ್ಣಲ್ಲೇ ಹೇಳಿದರು.

ಡ್ರೈವರನ ಫೋನಿನಲ್ಲಿ ಮಾತಾಡುತ್ತಿದ್ದ ಮಾವನಿಗೆ ಸಿಟ್ಟು ಬಂದಿತ್ತು. ಮೂರು ಗಂಟೆ ಕಾಲ ಬೆಲ್ಟು ಸೊಂಟ ಕೊಯ್ದಿದೆ, ನನ್ನನ್ನು ಮರೆತು ಹೋಗಿದ್ದಾರೆ, ನನ್ನ ಬುತ್ತಿಯೂ ಜೀಪಿನಲ್ಲೇ ಹೋಗಿತ್ತು ಎಂದು ಗೊಣಗಿದ. ನಾನು, ಮಾವಾ ಇಳಿದಿದ್ದೀರಾ, ನೆಲದ ಮೇಲೆ ನಿಂತಿದ್ದೀರಾ ಎಂದು ಕೇಳಿದೆ. ನೆಲದ ಮೇಲಲ್ಲದೆ ಇನ್ನೆಲ್ಲಿ ನಿಲ್ಲಲಿ ಟೀಚರಮ್ಮ ಎಂದ. ಮೀಸೆ ಎದ್ದು ಬಂದು ನಾಲ್ಕನೇ ಹೆಸರು ಬರೆದು ಸಹಿ ಮಾಡಿದ. ಅಕ್ಷರ ಓದುವ ಹಾಗಿರಲಿಲ್ಲ. ಕ್ಲಿಯರಮ್ಮ ಕೈ ತೊಳೆದರು, ಒರೆಸಿದರು, ಐದು, ಐದು, ಐದು ಎಂದು ಓದಿದರು, ಹಿಡಿ ತಿರುಗಿಸಿದರು. ಅಂಗಳದಲ್ಲಿ ಧಡ್ ಎಂದಾಗ ನಾನು ಕಣ್ಣು ಮುಚ್ಚಿಕೊಂಡೆ. ನರ್ಸಿಂಗ್ ಹೋಮಿಗೆ ನಾನೇ ಫೋನ್ ಮಾಡಿದೆ. ಪಕ್ಕದ ಪೆಟ್ರೋಲ್ ಬಂಕಿನಿಂದ ಡೀಸೆಲ್ ತರಿಸಿಕೊಂಡಿದ್ದರಂತೆ, ಆಪರೇಷನ್ ಮುಗಿದಿತ್ತು.

ನಾನು ಹಲಗೆ ತೆಗೆದ ವಿಷಯವನ್ನು ಕ್ಲಿಯರಮ್ಮ ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ, ಅಂದರೆ ಆ ಮಾತನ್ನು ನನ್ನ ಎದುರು ಎತ್ತಲೇ ಇಲ್ಲ. ಅದೇ ನನಗೆ ಹೆಚ್ಚು ಹಿಂಸೆಯಾಯಿತು. ಅವತ್ತಿನಿಂದ ನನಗೆ ಹೊಸ ರೋಗ ಶುರುವಾಯಿತು. ಮನೆಯಲ್ಲಿ ಯಜಮಾನರು ಮಹಡಿಯಿಂದ ಮೋಟರು ಹಾಕು ಎಂದು ಕೂಗಿದರೆ, ಮೇಲೆ ಹೋಗಿ ಅವರ ಕೈ ಎಲ್ಲಿದೆ ಎಂದು ನೋಡಿಕೊಂಡು ಬಂದೇ ಸ್ವಿಚ್ಚು ಒತ್ತುತ್ತೇನೆ. ಅವರು ನಗುತ್ತಾರೆ. ನಗಲಿ.

ನಾಲ್ಕು ದಿನ ಬಿಟ್ಟು ಮಾವ ಸಬ್‌ಸ್ಟೇಷನ್ನಿಗೆ ಬಂದ. ಒಗೆದ ಅಂಗಿ ಹಾಕಿಕೊಂಡಿದ್ದ, ಕೈಯಲ್ಲಿ ಮನೆಯ ಗಿಡದ ದಾಳಿಂಬೆ ತುಂಬಿದ ಚೀಲ. ಅಷ್ಟು ಹೊತ್ತಿಗೆ ಅವನಿಗೆ ಎಲ್ಲ ಗೊತ್ತಾಗಿತ್ತು, ಒಂದನ್ನು ಬಿಟ್ಟು. ಫೋನಿನಲ್ಲಿ ಇಳಿದಿದ್ದೀರಾ ಎಂದು ಕೇಳಿದವಳು ನಾನಾದ್ದರಿಂದ ಲೈನು ತಡೆದು ಹಿಡಿದವಳೂ ನಾನೇ ಎಂದು ತಿಳಿದುಕೊಂಡಿದ್ದ. ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಕೈ ಮುಗಿದ.

"ಟೀಚರಮ್ಮ, ನಿಮ್ಮ ಕೈಯಿಂದ ನಾನು ಉಳ್ಕೊಂಡೆ," ಅಂದ.

ಕ್ಲಿಯರಮ್ಮ ಲಾಗ್ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವರು ಸುಮ್ಮನಿರುತ್ತಾರೆ ಎಂದು ನನಗೆ ಗೊತ್ತಿತ್ತು. ನಾನೂ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವನು ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹಲಗೆ ತೆಗೆದದ್ದು, ಹಿಡಿ ಒತ್ತಿದ್ದು, ಅಮ್ಮ ಒದ್ದೆ ಕೈಯಲ್ಲಿ ಬಂದು ಎಳೆದದ್ದು. ಬೈಯುತ್ತಾನೆ, ಚೀಲ ಎತ್ತಿಕೊಂಡು ಹೋಗುತ್ತಾನೆ ಎಂದು ಕಾದೆ. ಅವನು ಬೈಯಲಿಲ್ಲ. ನಿಂತಲ್ಲೇ ಅವನ ಕೈ ತನ್ನ ಸೊಂಟದ ಬೆಲ್ಟಿನ ಜಾಗವನ್ನು ಮುಟ್ಟಿಕೊಂಡಿತು. ಆಮೇಲೆ ಚೀಲವನ್ನು ಮೆಲ್ಲಗೆ ಎತ್ತಿ ಕ್ಲಿಯರಮ್ಮನ ಮೇಜಿಗೆ ಸರಿಸಿ, ಬರ್ತೀನಮ್ಮ ಎಂದು ಅವರಿಗೆ ಮಾತ್ರ ಹೇಳಿ ಹೊರಟುಹೋದ.

ಹೋದ ವರ್ಷ ಕ್ಲಿಯರಮ್ಮ ನಿವೃತ್ತರಾದರು. 'ಹತ್ತಿದವರು, ಇಳಿದವರು' ಕಾಲಮ್ಮುಗಳನ್ನು ಈಗ ನಾನು ಎಳೆಯುತ್ತೇನೆ, ಹೆಸರು ಕೂಗುತ್ತೇನೆ, ಕೈ ತೊಳೆದು ಬೆರಳ ಸಂದಿ ಒರೆಸುತ್ತೇನೆ. ಲೈನ್‌ಮ್ಯಾನುಗಳು ನನಗೂ ಅಮ್ಮ ಅನ್ನತೊಡಗಿದ್ದಾರೆ. ಮೀಸೆಯ ತಂಡದವರು ಫೋನ್ ಮಾಡಿದಾಗ ನಾನು ಹೆಸರು ಕೇಳಿದರೆ ಮೂರೇ ಹೇಳುತ್ತಾರೆ. ನಾಲ್ಕನೆಯವರು ಎಂದು ಮೊದಮೊದಲು ಕೇಳುತ್ತಿದ್ದೆ, ಈಗ ಕೇಳುವುದಿಲ್ಲ. ನನ್ನ ಪಾಳಿ ಇದ್ದ ದಿನ ಮಾವ ಕಂಬ ಹತ್ತುವುದಿಲ್ಲ.